ಎರಡನೇ ಚರಣದ ಕೆಮ್ಮು

ಎಲ್ಲಿಂದ ಶುರು ಮಾಡಲಿ? ಹಾಡಿನಿಂದ ಎಂದರೆ ನಮ್ಮೂರು ಮರ್ಗಿಲಾನಿನಲ್ಲಿ ಎಲ್ಲರಿಗೂ ಗೊತ್ತಿರುವುದನ್ನೇ ಹೇಳಿದ ಹಾಗಾಗುತ್ತದೆ. ಕೆಮ್ಮಿನಿಂದ ಎಂದರೆ ನೀವು ನನ್ನನ್ನು ಡಾಕ್ಟರ್ ಎಂದುಕೊಳ್ಳುತ್ತೀರಿ.

೧

(ಹೊಡೆದುಹಾಕಿದ ಕರಡು: "ಸಿನಿಮಾ ಮಾತು ಕಲಿತ ಹೊಸತರಲ್ಲಿ, ಕಾಲುವೆಯ ನೀರಿನ ಮೇಲೆ ಬೆಳದಿಂಗಳು..." ಸಾಕು. ಚಿತ್ರೀಕರಣ ನಡೆದದ್ದು ಮಟಮಟ ಮಧ್ಯಾಹ್ನ. ಬೆಳದಿಂಗಳು ಕ್ಯಾಮೆರಾದವನ ಕೈಚಳಕ.)

೨

ನಮ್ಮೂರಿನ ಕಾಲುವೆ ದಂಡೆಯಲ್ಲೇ 'ಕಾಲುವೆಯಾಚೆಯ ಹುಡುಗಿ' ಎಂಬ ಹಾಡನ್ನು ಒಂದು ಸಿನಿಮಾಕ್ಕಾಗಿ ಚಿತ್ರೀಕರಿಸಿದರು. ಆ ತಂಡಕ್ಕೆ ಹಾಡನ್ನು ಆಮೇಲೆ ಸೇರಿಸುವ ಸೌಕರ್ಯವಿರಲಿಲ್ಲ, ಹಾಡುತ್ತಿದ್ದಂತೆಯೇ ಹಿಡಿಯಬೇಕು. ರೇಷ್ಮೆ ಕಾರ್ಖಾನೆಯ ಹೆಂಗಸರು ಮೇಳದಲ್ಲಿ ನಿಂತರು. ಎರಡನೇ ಚರಣ ಮುಗಿದು ದುತಾರ್ ವಾದ್ಯದ ತಂತಿ ಸುಮ್ಮನಾದ ಗಳಿಗೆಯಲ್ಲಿ ಸೊಬಿರಾ ಎಂಬಾಕೆ ಕೆಮ್ಮಿದಳು. ಮತ್ತೆ ತೆಗೆಯೋಣವೆಂದರೆ ಫಿಲ್ಮ್ ಮುಗಿದಿತ್ತು.

ಚಿತ್ರದ ಕಥೆ ಈಗ ಯಾರಿಗೂ ನೆಟ್ಟಗೆ ನೆನಪಿಲ್ಲ. ನಾಯಕ ಟ್ರಾಕ್ಟರ್ ಓಡಿಸುತ್ತಾನೋ ಸೇತುವೆ ಕಟ್ಟುತ್ತಾನೋ ಎಂದು ಚಹಾದಂಗಡಿಯಲ್ಲಿ ಇಂದಿಗೂ ಜಗಳ. ಆದರೆ ಆ ಹಾಡಿಲ್ಲದೆ ಇಲ್ಲಿ ಮದುವೆಯಿಲ್ಲ. ಎರಡನೇ ಚರಣ ಮುಗಿದೊಡನೆ ಮದುಮಗ, ಬೀಗರು, ಪಲಾವಿನ ಬಾಣಲೆ ಮುಂದಿನ ಅಡುಗೆಯವನು, ಎಲ್ಲರೂ ಒಟ್ಟಿಗೆ ಕೆಮ್ಮುತ್ತಾರೆ. ಕೆಮ್ಮದವನಿಗೆ ಹಾಡು ಬರುವುದಿಲ್ಲ ಎಂದೇ ಅರ್ಥ.

೩

ಸೊಬಿರಾ ಮರುವರ್ಷ ಎದೆರೋಗದಿಂದ ತೀರಿಕೊಂಡಳು. ಮಗಳು ಹೋಸಿಯತ್ ಆಗ ತೊಟ್ಟಿಲ ಕೂಸು. ಫೋಟೊ ಇಲ್ಲ. ಚಿತ್ರದಲ್ಲಿ ಮೇಳದ ಹೆಂಗಸರೆಲ್ಲ ದೂರದ ಮಸುಕು, ನೀರಿನ ಆಚೆ ತೇಲುವ ಬಿಳಿ ದುಪಟ್ಟಾಗಳು ಅಷ್ಟೆ. ಎಂಬತ್ತು ದಾಟಿದ ಹೋಸಿಯತ್ ಅಜ್ಜಿಗೆ ಅಮ್ಮ ಎಂದರೆ ಆ ಒಂದು ಕೆಮ್ಮು. (ಇದನ್ನು ಬರೆಯುವಾಗ ನನಗೆ ಅಳು ಬಂತು. ಆಧುನಿಕೋತ್ತರ ಲೇಖಕ ಅಳಬಾರದಂತೆ. ಹಾಗೆಂದವರು ಈ ಊರಿಗೆ ಬಂದಿಲ್ಲ.)

೪

ಈಗ ಚಿತ್ರದ ಹೊಸ ಪ್ರತಿ ಬಂದಿದೆ, ಊರ ಥಿಯೇಟರಿನಲ್ಲಿ ತೋರಿಸಲಿದ್ದಾರೆ. ಧ್ವನಿ ಸರಿಪಡಿಸಿದವನು ನಮ್ಮೂರಿನ ಬೋತಿರ್. ಚಹಾದಂಗಡಿಯಲ್ಲಿ ನನ್ನೆದುರು ಕೂತು ಬೀಗಿದ.

"ಗಲೀಜೆಲ್ಲ ತೆಗ್ದಿದೀನಿ ಅಣ್ಣ. ಕಂಪ್ಯೂಟರೇ ಹುಡುಕಿ ತೆಗೆಯುತ್ತೆ. ಗಾಜಿನ ಥರ ಇದೆ ಈಗ."

"ಕೆಮ್ಮು?"

ಅವನ ಚಹಾ ಬಟ್ಟಲು ತುಟಿಯ ಹತ್ತಿರ ನಿಂತಿತು. "ಅದು... ಗೊತ್ತಿಲ್ಲ ಅಣ್ಣ. ಕೊನೇಲಿ ನಾಲ್ಕು ಸಲ ಕೇಳಿ ನೋಡ್ದೆ. ಆ ಜಾಗ ಬಂದಾಗೆಲ್ಲ ನಾನೇ ಕೆಮ್ಬಿಟ್ಟೆ. ಅಭ್ಯಾಸ ನೋಡಿ."

೫

ಮೊದಲ ಅಂತ್ಯ: ಕೆಮ್ಮು ಮಾಯ, ಅಜ್ಜಿ ಕುರ್ಚಿಯಲ್ಲೇ ಕಣ್ಣು ಮುಚ್ಚುತ್ತಾಳೆ. ಬರೆದು ಅಜ್ಜಿಗೇ ಓದಿ ಹೇಳಿದೆ.

"ನನ್ನ ಸಾಯ್ಸೋಕೆ ಅಷ್ಟು ಅವಸರಾನಾ, ಮುಂಡೇದೆ? ಹರಿದು ಹಾಕು."

ಎರಡನೇ ಅಂತ್ಯ: ಕೆಮ್ಮಿಲ್ಲದ ಆ ಮೌನವನ್ನು ಇಡೀ ಥಿಯೇಟರ್ ಕೆಮ್ಮಿ ತುಂಬುತ್ತದೆ. ನನಗೆ ಬಹಳ ಹಿಡಿಸಿತ್ತು, ಪ್ರಶಸ್ತಿ ಬರುವಂಥ ಅಂತ್ಯ.

ಅದನ್ನೂ ಓದಿ ಹೇಳಿದೆ. ಅಜ್ಜಿ ಅಂದಳು: "ಊರೆಲ್ಲ ಕೆಮ್ಮಿದ್ರೆ ನಮ್ಮಮ್ಮಂದು ಯಾವ್ದು ಅಂತ ಹೆಂಗೆ ಗೊತ್ತಾಗ್ಬೇಕು? ಚಿಕ್ಕಂದಿನಿಂದ ಇದೇ ಆಯ್ತು. ಥಿಯೇಟರಲ್ಲೂ ಅಷ್ಟೆ, ಟೀವಿ ಮುಂದೇನೂ ಅಷ್ಟೆ. ಎಲ್ಲರೂ ಸೇರ್ಕೊಂಡು ಅವಳ ಬಾಯಿ ಮುಚ್ಚಿಸ್ತೀರ. ಒಂದು ಸಲಾನೂ ಸರಿಯಾಗಿ ಕೇಳಿಲ್ಲ ಕಣೋ ನಾನು."

ನಾನೂ ಆ ಕೆಮ್ಮುವವರಲ್ಲಿ ಒಬ್ಬ. ಎರಡನೇ ಅಂತ್ಯವನ್ನೂ ಹೊಡೆದುಹಾಕಿದೆ.

೬

ಹಾಗಾಗಿ ಈಗ ಎಲ್ಲರೂ ಥಿಯೇಟರಿನಲ್ಲಿದ್ದೇವೆ. ಪರದೆಯ ಮೇಲಿನ ಕಾಲುವೆ ಜನರ ಮುಖಗಳ ಮೇಲೂ ಹರಿಯುತ್ತಿದೆ. ಯಾರು ಬದುಕಿದವರು, ಯಾರು ಚಿತ್ರದವರು ಎಂದು ಹೇಳುವುದು ಕಷ್ಟ. ಎರಡನೇ ಚರಣ ಶುರುವಾದದ್ದೇ ಮುಂದಿನ ಸಾಲಿನಲ್ಲಿ ಹೋಸಿಯತ್ ಅಜ್ಜಿ ಎದ್ದು ನಮ್ಮತ್ತ ತಿರುಗಿದಳು. (ಇದನ್ನು ನಾನು ಬರೆದದ್ದಲ್ಲ.)

"ಇವತ್ತು ಯಾರಾದ್ರೂ ಕೆಮ್ಮಿದ್ರೆ ನಾಲಿಗೆ ಕಿತ್ತಾಕ್ತೀನಿ! ಇದೊಂದ್ಸಲ ಅವಳಿಗೆ ಬಿಟ್ಬಿಡಿ."

"ಇಲ್ದೇ ಹೋದ್ರೆ, ಅಜ್ಜಿ?" ಬೋತಿರ್ ಕೇಳಿದ.

"ಇಲ್ದೇ ಇರೋದನ್ನ ಆದ್ರೂ ನಾನೇ ಕೇಳಿಸ್ಕೋತೀನಿ. ಸುಮ್ನಿರು."

ಇಡೀ ಊರು ಉಸಿರು ಬಿಗಿಹಿಡಿದಿದೆ. ಬೋತಿರ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಾನೆ. ಮೇಳದ ಹೆಂಗಸರು ಕೊನೆಯ ಸಾಲಿಗೆ ಬಂದರು. ದುತಾರಿನ ತಂತಿ ಸುಮ್ಮನಾಗುತ್ತಿದೆ. ಮುಂದಿನ ವಾಕ್ಯ ನಾನು ಬರೆದರೆ ಅದೂ ಒಂದು ಸದ್ದೇ. ಪೆನ್ನು ಕೆಳಗಿಟ್ಟಿದ್ದೇನೆ. ಗಂಟಲು ಕೆರೆಯುತ್ತಿದ್ದರೂ, ದಯವಿಟ್ಟು, ನೀವೂ ತಡೆದುಕೊಳ್ಳಿ.