ಗುಳಿಗೆಗೆ ಮುಂಚಿನ ತಾಸು

ಲಕ್ಕಲಕಟ್ಟಿಯ ಮುದುಕಿ ಕರಿಯವ್ವ ಅಫೀಮು ತಿನ್ನುತ್ತಾಳೆಂಬುದು ಊರಿಗೆಲ್ಲ ಗೊತ್ತಿತ್ತು. ಯಾಕೆ ತಿನ್ನುತ್ತಾಳೆಂದು ಕೇಳುವ ಗೋಜಿಗೆ ಮಾತ್ರ ಒಬ್ಬರೂ ಹೋಗಿರಲಿಲ್ಲ. ಸರ್ಕಾರ ಅವಳ ಹೆಸರಿಗೆ ಅಫೀಮು ಕೊಳ್ಳುವ ಪಾಸು ಕೊಟ್ಟು, ವರ್ಷವರ್ಷವೂ ಅವಳ ಪಾಲನ್ನು ಇಷ್ಟಿಷ್ಟೇ ಇಳಿಸುತ್ತ ಬಂದಿತ್ತು. ಸಾವಿರದ ಒಂಬೈನೂರ ಐವತ್ತೆಂಟರ ಹೊತ್ತಿಗೆ ಗುಳಿಗೆ ಜೋಳದ ಕಾಳಿನಷ್ಟಾಯಿತು. ಆಗ ಕೂಸು ಅಳತೊಡಗಿತು.

ರೋಣದ ದವಾಖಾನೆಯಲ್ಲಿ ಡಾಕ್ಟರ್ ಪ್ರಭುಲಿಂಗಪ್ಪ ಅವಳ ನಾಡಿ ಹಿಡಿದು, "ಏನ ತ್ರಾಸ ಐತಿ, ಯವ್ವಾ?" ಎಂದರು.

"ಕೂಸು ಅಳತೈತ್ರಿ ಸಾಹೇಬ್ರ. ಗುಳಿಗಿ ತಡಾ ಆದ್ರ ಸಾಕು, ಶುರು ಮಾಡ್ತೈತ್ರಿ."

"ಯಾರ ಕೂಸು?"

"ನನ್ನ ಮಗಳ್ರಿ, ಸಕ್ರವ್ವ. ಸತ್ತು ನಲವತ್ತ ವರ್ಷ ಆತ್ರಿ."

ಅಷ್ಟು ವರ್ಷ ಬಾಯಿಬಿಡದವಳು ಅಂದು ಎಲ್ಲ ಹೇಳಿಬಿಟ್ಟಳು. ಹತ್ತಿ ಬಿಡಿಸುವ ಕೂಲಿ. ಬದುವಿನ ಬನ್ನಿಗಿಡಕ್ಕೆ ಕಟ್ಟಿದ ಸೀರೆಯ ಜೋಲಿ. ಕೂಲಿಯ ತಾಯಂದಿರು ಮಾಡುತ್ತಿದ್ದಂತೆ ಅವಳೂ ಕೂಸಿಗೆ ಎಳ್ಳಿನಷ್ಟು ಅಫೀಮು ನೆಕ್ಕಿಸಿ ಮಲಗಿಸುತ್ತಿದ್ದಳು. ಒಂದು ದಿನ ಕೂಸು ಹಟ ಹಿಡಿದು ಅತ್ತಿತು. ಎರಡೆಳ್ಳಿನಷ್ಟು ಕೊಟ್ಟಳು. ಸಂಜೆ ಹಾಲು ಕಟ್ಟಿದ ಎದೆ ಹಿಡಿದು ಓಡಿ ಬಂದಾಗ ಜೋಲಿಯಲ್ಲಿ ಸದ್ದಿರಲಿಲ್ಲ. ಡಬ್ಬಿಯಲ್ಲಿ ಉಳಿದದ್ದನ್ನು ಅಂದೇ ತಾನು ನುಂಗಿದಳು. ಸಾಯಲಿಲ್ಲ, ಆಮೇಲೆ ಬಿಡಲೂ ಆಗಲಿಲ್ಲ.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಹೋದ ವರ್ಷದಷ್ಟ ಕೊಡ್ರಿ, ಇನ್ನ ಇಳಸಬ್ಯಾಡ್ರಿ ಅಂತ ಬರದ ಕೊಡ್ತೀನಿ. ಅಳು ನಿಲ್ಲತೈತಿ, ಹೋಗು."

ಬದುಕಿಕೊಂಡೆ ಎಂದುಕೊಂಡು ಕರಿಯವ್ವ ಆ ಚೀಟಿ ತೋರಿಸಿ ಸರ್ಕಾರಿ ಅಂಗಡಿಯಲ್ಲಿ ಅಫೀಮು ಕೊಂಡು ಬಸ್ಸು ಹತ್ತಿದಳು.

ಸಂಜೆ ಮನೆಯ ಕಟ್ಟೆಯ ಮೇಲೆ ಕೂತಾಗ ಗುಳಿಗೆಯ ಹೊತ್ತು ಮೀರಿ ಕಾಲು ಸೆಳೆಯುತ್ತಿದ್ದವು, ಮೂಗು ಸೋರುತ್ತಿತ್ತು. ಕೂಸು ಶುರುವಿಟ್ಟುಕೊಂಡಿತು. ದೊಡ್ಡ ಗುಳಿಗೆಯನ್ನು ಬಾಯಿಯತನಕ ಒಯ್ದವಳ ಕೈ ಅಲ್ಲೇ ನಿಂತಿತು. ಕೂಸು ಸತ್ತ ಆ ಸಂಜೆ ಬನ್ನಿಗಿಡಕ್ಕೆ ಹಣೆ ಚಚ್ಚಿಕೊಂಡು ಅವಳು ಬೇಡಿದ್ದು ಒಂದೇ: ಒಮ್ಮೆ ಅಳು, ನನ್ನವ್ವ. ಈಗ ಅಳುತ್ತಿದೆ. ಈಗಲೂ ನಾನು ಅದೇ ಕೈಯಿಂದ, ಅದೇ ಅಫೀಮಿನಿಂದ, ಅದರ ಬಾಯಿ ಮುಚ್ಚಿಸಲು ಹೊರಟಿದ್ದೇನೆ. ತನ್ನ ಮೇಲೆ ತನಗೇ ಹೇಸಿಕೆಯಾಯಿತು.

ಗುಳಿಗೆಯನ್ನು ಡಬ್ಬಿಗೆ ಹಾಕಿ, ಖಾಲಿ ಮಡಿಲನ್ನು ತೂಗುತ್ತ ಅಂದಳು:

"ಅಳವ್ವಾ, ಅಳು. ಇವತ್ತ ನನಗ ಕೂಲಿ ಇಲ್ಲ."

ಬೆವರು ಕಿತ್ತು ಬಂದು ಮೈ ನಡುಗುವವರೆಗೂ ಆ ಅಳುವನ್ನು ಕೇಳಿದಳು. ಆಮೇಲೆ ದೀಪ ಹಚ್ಚಿ ಗುಳಿಗೆ ನುಂಗಿದಳು. ಮರುದಿನದಿಂದ ಗುಳಿಗೆಗೆ ಮುಂಚಿನ ಒಂದು ತಾಸು ಸಕ್ರವ್ವನದಾಯಿತು.