ಒಲೆ ಹಚ್ಚಬಾರದ ಮನೆ

ಹೊಗೆ ಮೇಲೇಳುತ್ತಿದ್ದಂತೆ ಉಡಚಮ್ಮ ಸೆರಗಿನಿಂದ ಬಡಿದು ಬಡಿದು ಅದನ್ನು ಕೆಳಗೇ ಕೂರಿಸಲು ನೋಡಿದಳು. ಹೊಗೆ ಯಾರ ಮಾತು ಕೇಳುತ್ತದೆ? ಹಂಚಿನ ಸಂದಿಯಲ್ಲಿ ನುಸುಳಿ ಹರಿಹರದ ಸಂಜೆಗೆ ಹೋಗೇಬಿಟ್ಟಿತು. ಒಲೆಯ ಮೇಲಿನ ನುಚ್ಚಿನ ಗಂಜಿಗೆ ಇನ್ನೂ ಕುದಿ ಬಂದಿರಲಿಲ್ಲ. ಗೋಣಿಚೀಲದ ಮೇಲೆ ಕಿರಿಯ ಮಗಳು ಜ್ವರದಲ್ಲಿ ನರಳುತ್ತಿದ್ದಳು. ಸದ್ದು ಬೀದಿಗೆ ಕೇಳದಿರಲೆಂದು ಹಿರಿಯವಳು ಉಚ್ಚೆಂಗಿ ತಂಗಿಯ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದಳು.

ಆ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಮನೆಯ ಯಜಮಾನರು ಕೆಟ್ಟ ನಕ್ಷತ್ರದಲ್ಲಿ ತೀರಿಕೊಂಡದ್ದರಿಂದ ಆರು ತಿಂಗಳು ಬೀಗ ಹಾಕಬೇಕೆಂದು ಜೋಯಿಸರು ಹೇಳಿದ್ದರು. ಲಿಂಗ ಕಟ್ಟಿದವರಿಗೆ ಎಂಥ ಸೂತಕ ಎಂದು ಊರವರ ಮನೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದ ಮಗ ಮುರುಗೇಶಪ್ಪ, ಸಾವು ತನ್ನ ಮನೆಗೇ ಬಂದಾಗ ಮೊದಲು ಪಂಚಾಂಗ ನೋಡಿಸಿದ. ತಾಯಿ ದ್ರಾಕ್ಷಾಯಣಮ್ಮನನ್ನು ದಾವಣಗೆರೆಯ ತನ್ನ ಅಂಗಡಿಯ ಮೇಲಿನ ಮನೆಗೆ ಕರೆದೊಯ್ದ.

ಉಡಚಮ್ಮನ ಗಂಡ ಗಿಡ್ಡಪ್ಪ ಅದೇ ದಾವಣಗೆರೆಯ ಮಿಲ್ಲೊಂದರಲ್ಲಿದ್ದ. ಕೆಲಸ ಹೋದದ್ದೇ ಮಿಲ್ಲಿನ ಕೋಣೆಯೂ ಹೋಯಿತು. ಹರಿಹರದ ಪಕ್ಕದ ಗುತ್ತೂರಿನ ಹತ್ತಿರ ಹೊಸ ಕಾರ್ಖಾನೆ ಕಟ್ಟುವಲ್ಲಿ ಕಲ್ಲು ಹೊರುವ ಕೆಲಸ ಸಿಕ್ಕಿತು, ಸೂರು ಸಿಗಲಿಲ್ಲ. ಹರಿಹರದ ಸ್ಟೇಷನ್ನಿನಲ್ಲಿ ಮಲಗಿದ ಮಕ್ಕಳನ್ನು ಪೊಲೀಸಿನವನು ಲಾಠಿಯಿಂದ ತಿವಿದು ಎಬ್ಬಿಸುತ್ತಿದ್ದಾಗ, ಗಂಡನ ಸಮಾಧಿಗೆ ಹೂವೇರಿಸಲು ರೈಲಿಳಿದು ಬಂದ ದ್ರಾಕ್ಷಾಯಣಮ್ಮ ನೋಡಿದಳು. ಯಾರನ್ನೂ ಕೇಳದೆ ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟಳು.

"ಹಿತ್ತಲ ಬಾಗಿಲಾಗೆ ಓಡಾಡ್ರಿ. ದೀಪ ಬ್ಯಾಡ. ಒಲೆಯಂತೂ ಬ್ಯಾಡವೇ ಬ್ಯಾಡ. ಹೊಗೆ ಕಂಡ್ರೆ ನನ್ನ ಮಗ ನಿಮ್ಮನ್ನ ಆವತ್ತೇ ಹೊರಗೆ ಹಾಕ್ತಾನೆ," ಎಂದಿದ್ದಳು.

ಸತ್ತವರ ಮನೆ ಎಂಬ ಭಯ ಉಡಚಮ್ಮನಿಗೂ ಇತ್ತು. ಸ್ಟೇಷನ್ನಿನ ಭಯ ಅದಕ್ಕಿಂತ ದೊಡ್ಡದು. ಮಂಡಕ್ಕಿ, ಬಾಳೆಹಣ್ಣು, ಗಿಡ್ಡಪ್ಪ ಕೆಲಸದ ಕಡೆಯಿಂದ ತರುವ ತಂಗಳು ರೊಟ್ಟಿ, ಇದರಲ್ಲೇ ದಿನ ತಳ್ಳಿದ್ದರು. ಇವತ್ತು ಕಿರಿಯವಳು ಏನನ್ನೂ ನುಂಗಲಿಲ್ಲ. ಬೆಚ್ಚಗೆ ಒಂದಿಷ್ಟು ಹೊಟ್ಟೆಗೆ ಬೀಳದಿದ್ದರೆ ಮಗು ಕೈಗೆ ದಕ್ಕುವುದಿಲ್ಲ ಎನಿಸಿದಾಗ ಉಡಚಮ್ಮ ಕಡ್ಡಿ ಗೀರಿದ್ದಳು.

ಹಿತ್ತಲ ಬಾಗಿಲು ಕಿರುಗುಟ್ಟಿತು. ಇವತ್ತೂ ಸಮಾಧಿಗೆ ಹೂವೇರಿಸಲು ಊರಿಗೆ ಬಂದಿದ್ದ ದ್ರಾಕ್ಷಾಯಣಮ್ಮ ಒಳಗೆ ಬಂದಳು.

"ಬೀದಿ ತುದಿಗೇ ಕಾಣ್ತೈತಲ್ಲವ್ವ ಹೊಗೆ. ನಾ ಏನು ಹೇಳಿದ್ದೆ ನಿನಗೆ?"

"ತಪ್ಪಾತು ಅಮ್ಮಾರೆ. ಹುಡುಗಿ ಮೈ ಕೆಂಡ ಆಗೈತೆ. ಗಂಜಿ ಒಂದು ಕುದಿ ಬರ್ಲಿ, ಆರಿಸಿಬಿಡ್ತೀನಿ. ಹೊರಗೆ ಮಾತ್ರ ಹಾಕಬ್ಯಾಡ್ರಿ."

ದ್ರಾಕ್ಷಾಯಣಮ್ಮ ಬಗ್ಗಿ ಮಗುವಿನ ಕುತ್ತಿಗೆ ಮುಟ್ಟಿ ನೋಡಿದಳು. ಆಮೇಲೆ ಒಲೆಯ ಕಡೆ ತಿರುಗಿದಳು. ಮದುವೆಯಾಗಿ ಬಂದಾಗಿನಿಂದ ತಾನೇ ಸಾರಿಸಿ, ತಾನೇ ಉರಿ ಹಚ್ಚಿದ ಒಲೆ. ದಾವಣಗೆರೆಯಲ್ಲಿ ಸೊಸೆ ಅವಳನ್ನು ಅಡುಗೆಮನೆಯ ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಸಿಟ್ಟು ಬರಬೇಕಾದಲ್ಲಿ ಅವಳಿಗೆ ಅಳು ಬಂತು.

ಅಷ್ಟರಲ್ಲಿ ಮುಂಬಾಗಿಲು ದಬದಬ ಬಡಿದ ಸದ್ದಾಯಿತು. ಪಕ್ಕದ ಮನೆಯ ಪರಮೇಶ್ವರಪ್ಪ.

"ಯಾರದು ಒಳಗೆ? ಬೀಗ ಹಾಕಿದ ಮನೇಲಿ ಒಲೆ ಹಚ್ಚಿದೋರು ಯಾರು? ಮುರುಗೇಶಪ್ಪಗೆ ಹೇಳಿ ಕಳಿಸ್ತೀನಿ ನೋಡ್ರಿ."

ಉಡಚಮ್ಮ ನೀರಿನ ತಂಬಿಗೆ ಎತ್ತಿ ಒಲೆಗೆ ಸುರಿಯಲು ಹೋದಳು. ದ್ರಾಕ್ಷಾಯಣಮ್ಮ ಅವಳ ಮಣಿಕಟ್ಟು ಹಿಡಿದುಕೊಂಡಳು.

"ನಾನು, ಪರಮೇಶ್ವರಪ್ಪ. ನಾನೇ ಹಚ್ಚಿದ್ದು."

ಬಾಗಿಲು ಬಡಿಯುವುದು ನಿಂತಿತು.

"ನೀವಾ ಅಕ್ಕಾರೆ? ಆರು ತಿಂಗಳು ಆಗಿಲ್ಲಲ್ರಿ ಇನ್ನೂ."

"ಆಗಿಲ್ಲ. ಮಗನಿಗೆ ಅವಶ್ಯ ಹೇಳಿ ಕಳಿಸು. ನಿಮ್ಮವ್ವ ಇನ್ನು ಹರಿಹರದಾಗೇ ಇರ್ತಾಳೆ, ಜೊತೆಗೆ ಮಕ್ಕಳು ಮರಿ ಇರೋ ಒಂದು ಸಂಸಾರ ಐತೆ ಅಂತ ಹೇಳು."

ಹೆಜ್ಜೆ ಸದ್ದು ಬೀದಿಯಲ್ಲಿ ದೂರವಾಯಿತು. ಉಡಚಮ್ಮ ತಂಬಿಗೆ ಕೆಳಗಿಟ್ಟಳು. ಒಲೆಯ ಉರಿ ಕುಗ್ಗಿತ್ತು. ದ್ರಾಕ್ಷಾಯಣಮ್ಮ ನೆಲಕ್ಕೆ ಕೂತು, ನೋಡದೆಯೇ ಗೂಡಿಗೆ ಕೈ ಹಾಕಿ ಊದುಗೊಳವೆ ತೆಗೆದುಕೊಂಡು, ಕಣ್ಣಲ್ಲಿ ನೀರು ಸುರಿಯುತ್ತಿದ್ದಂತೆ ಊದತೊಡಗಿದಳು.