ಕೂಗಿ ಹೇಳುವ ಪಿನ್

ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ದೇವಿಕಾ ಮುಂದಿನ ಉಂಡೆಗೆ ಕೈ ಹಾಕಿದಳು. ಬಡಿದು ಬಡಿದು ಬಲಭುಜ ಸೋತುಹೋಗಿತ್ತು. ಸುಲೇಪೇಟದ ಖಾನಾವಳಿಗಳಿಗೆ ರೊಟ್ಟಿ ಹಾಕಿ ಕೂಡಿಟ್ಟ ರೊಕ್ಕವೆಲ್ಲ ಫೋನಿನ ಖಾತೆಯಲ್ಲಿತ್ತು. ಈ ಸಲವಾದರೂ ರೊಟ್ಟಿ ಒತ್ತುವ ಮಶೀನು ತರಬೇಕು, ಇಲ್ಲದಿದ್ದರೆ ಈ ಕೈ ಇನ್ನೊಂದು ವರ್ಷ ಬಾಳುವುದಿಲ್ಲ.

ಕೈ ಹಿಟ್ಟಾಗಿರುವಾಗ ಅವಳ ಫೋನು ಯಾರದಾದರೂ ಕೈಯಲ್ಲಿರುತ್ತಿತ್ತು. ಗಿರಣಿಯವನಿಗೆ ರೊಕ್ಕ ಹಾಕುವುದಿದ್ದರೆ ಒಲೆಯ ಮುಂದಿನಿಂದಲೇ ಪಿನ್ ಕೂಗಿ ಹೇಳುವಳು. ಗಂಡ, ಅತ್ತೆ, ಹಾಲು ತರುವ ಜಾನಬಿ, ಎಲ್ಲರಿಗೂ ಅದು ಬಾಯಿಪಾಠ.

ಫೋನು ಬಂತು. ಗಂಡ ಅಂಬರೇಶ ಎತ್ತಿ ಸ್ಪೀಕರ್ ಹಾಕಿದ. ಗುರುತಿಲ್ಲದ ಗಂಡಸಿನ ದನಿ.

"ಅಕ್ಕಾರ, ಸೇಡಂನ್ಯಾಗ ಮದಿವಿ ಅದರಿ. ಸಾವಿರ ರೊಟ್ಟಿ ಬೇಕು. ಅಡ್ವಾನ್ಸ್ ಕಳಿಸೀನಿ, ಪಿನ್ ಒತ್ತಿದ್ರ ಜಮಾ ಆಗ್ತದ."

"ಕಡಕ್ ಬೇಕ್ರ್ಯೋ, ಮೆತ್ತಂದು ಬೇಕ್ರ್ಯೋ?" ದೇವಿಕಾ ಕೇಳಿದಳು.

"ಯಾವುದಾದ್ರೂ ನಡೀತದ್ರಿ. ಲಗೂ ಒತ್ರಿ, ಟೈಮ್ ಮುಗೀತದ."

ಅವಳ ಕೈ ನಿಂತಿತು. ಮದುವೆ ಮನೆಯವರು ರೊಟ್ಟಿಯ ಅಗಲಕ್ಕೂ ತಕರಾರು ತೆಗೆಯುವ ಜನ. ಇವನು ದರ ಕೂಡ ಕೇಳಿರಲಿಲ್ಲ.

ಫೋನಿಗೆ ಬಂದ ಸಂದೇಶ ತೆರೆದು ಅಂಬರೇಶನ ಹೆಬ್ಬೆರಳು ಆಗಲೇ ಪಿನ್ ಒತ್ತತೊಡಗಿತ್ತು.

"ತಡೀರಿ. ಖಾನಾವಳಿಯವ್ರು ರೊಕ್ಕ ಹಾಕಿದಾಗ ನಾವು ಯಾವತ್ತರ ಪಿನ್ ಒತ್ತೀವೇನು? ಕೊಡೂದಿದ್ದಾಗ ಅಷ್ಟೇ ಒತ್ತೂದು."

"ನೀ ರೊಟ್ಟಿ ಬಡಿ. ನಿನಗೇನು ತಿಳೀತದ?"

ಅವಳು ಎದ್ದು, ಹಿಟ್ಟಿನ ಕೈಯಿಂದಲೇ ಫೋನು ಕಿತ್ತುಕೊಂಡು ಕರೆ ಕತ್ತರಿಸಿದಳು. ಪರದೆಯ ಮೇಲೆ 'ಪಾವತಿಸಿ' ಎಂದಿತ್ತು, ಕೆಳಗೆ ಹದಿನೆಂಟು ಸಾವಿರ. ಬರುವ ರೊಕ್ಕವಲ್ಲ, ಹೋಗುವ ರೊಕ್ಕ. ಗಂಡನಿಗೆ ತೋರಿಸಿ, ಬೇಡವೆಂದು ಒತ್ತಿದಳು.

ಅವನು ಬೆರಳಿಗೆ ಅಂಟಿದ ಹಿಟ್ಟು ಒರೆಸಿಕೊಂಡ. "ಖರೇ ಗಿರಾಕಿ ಇದ್ದಿದ್ರ? ಸಾವಿರ ರೊಟ್ಟಿ ಕೈಬಿಟ್ಟಿ."

"ಸಾವಿರ ರೊಟ್ಟಿ ನೀ ಬಡೀತಿದ್ದೇನೋ, ತಮ್ಮಾ?" ಹೊಸ್ತಿಲ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ ಮರೆಮ್ಮ ತಲೆಯೆತ್ತದೆ ಮಗನನ್ನು ಕೇಳಿದಳು.

ಅಂಬರೇಶ ಚಪ್ಪಲಿ ಮೆಟ್ಟಿಕೊಂಡ. "ಇನ್ನ ಮ್ಯಾಲರ ಹುಷಾರಿರು. ಎಲ್ಲಾರ ಮುಂದ ಪಿನ್ ಕೂಗಬ್ಯಾಡ."

"ಹೂಂ ರಿ," ಎಂದಳು ದೇವಿಕಾ. ಒತ್ತಲು ಹೋದವನು ತಾನೇ ಎಂಬುದನ್ನು ಅವನಿಗೆ ನೆನಪಿಸುವಷ್ಟು ತ್ರಾಣ ಅವಳಲ್ಲಿರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದಿತ್ತು, ತೆಗೆದು ಬದಿಗಿಟ್ಟಳು.

ಕೈ ತೊಳೆದು ಬಂದು, ಗೋಡೆಗೆ ಮುಖ ಮಾಡಿ ಕುಳಿತು, ಪಿನ್ ಬದಲಿಸುವ ಗುಂಡಿ ಹುಡುಕಿದಳು. ಇನ್ನು ರೊಕ್ಕ ಹಾಕುವಾಗಲೆಲ್ಲ ಬಡಿಯುವುದನ್ನು ನಿಲ್ಲಿಸಿ ಏಳಬೇಕು. ಏಳುವುದೇ ಸರಿ. ಹೊಸ ಅಂಕಿಗಳನ್ನು ಯಾರ ಮುಂದೆಯೂ, ಗಂಡನ ಮುಂದೆಯೂ, ಹೇಳುವುದಿಲ್ಲ.

"ಏನು ನೋಡ್ಲಿಕತ್ತೀಯವ್ವ?" ಅತ್ತೆ ಕೇಳಿದಳು.

"ಏನಿಲ್ಲ, ಅತ್ತಿ," ಎಂದಳು.